ದಾರಿಯ ಮಗ್ಗುಲ ಮಾಸ್ತಿಕಲ್ಲು

ಮೇಷ್ಟರೊಡನೆ ಪ್ರಯಾಣ ಹೊರಟರೆ ದಾರಿಯುದ್ದಕ್ಕೂ ಪಾಠ ಕೇಳಬೇಕಾಗುವುದೆಂಬ ದೂರು ನಮ್ಮ ಮನೆಯಲ್ಲಿ ಬಹಳ ಹಳೆಯದು. ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಶಾಲೆಯಲ್ಲಿ ಸಂಸ್ಕೃತವನ್ನು ಬೋಧಿಸಿದ ನಾಲಗೆ, ನಿವೃತ್ತಿಯ ಕಾಗದ ಕೈಗೆ ಬಂದ ದಿನವೇ ಸುಮ್ಮನಾಗುವುದು ಹೇಗೆ? ಆದಕಾರಣ ಕಳೆದ ಕಾರ್ತಿಕದಲ್ಲಿ ಮಗಳು ಬೆಂಗಳೂರಿನಿಂದ ಬಂದು, “ಅಪ್ಪಯ್ಯ, ಅಮ್ಮನನ್ನು ತೀರ್ಥಹಳ್ಳಿಗೆ ಅಜ್ಜನ ಮನೆಗೆ ಕರೆದುಕೊಂಡು ಹೋಗೋಣ; ಕಾರನ್ನು ನಾನೇ ನಡೆಸುತ್ತೇನೆ” ಎಂದಾಗ, ನನ್ನ ಮನೆಯವಳು ಒಂದು ಕರಾರು ಹಾಕಿದಳು. ನಾನು ಹಿಂದಿನ ಆಸನದಲ್ಲಿ ಕುಳಿತುಕೊಳ್ಳಬೇಕು. ಕೇಳಿದರೆ ಮಾತ್ರ ಮಾತನಾಡಬೇಕು. ಒಪ್ಪಿದೆನು. ಕರಾರು ಸಾಗರದ ಪೇಟೆ ದಾಟುವವರೆಗೆ ಉಳಿಯಿತು.

ಸಾಗರದಿಂದ ತೀರ್ಥಹಳ್ಳಿಗೆ ಬೇರೆ ದಾರಿಗಳೂ ಉಂಟು. ಹೊಸನಗರ, ನಗರಗಳ ಮೇಲೆ ಹಾಯ್ದು ಗುಡ್ಡಗಳ ನಡುವೆ ಸಾಗುವ ದಾರಿಯನ್ನೇ ಹಿಡಿಯಬೇಕೆಂದು ಹಟ ಮಾಡಿದವನು ನಾನು. ಇದು ಶರಾವತಿಗೆ ಎದುರಾಗಿ ಹೋಗುವ ದಾರಿ. ಆ ನದಿ ತೀರ್ಥಹಳ್ಳಿ ಸೀಮೆಯ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರದ ಕಾಡುಗಳನ್ನು ಬಳಸಿ, ಸಾಗರ ಸೀಮೆಗೆ ಬಂದು, ಜೋಗದಲ್ಲಿ 830 ಅಡಿ ಧುಮುಕಿ ಪಡುವಣ ಕಡಲನ್ನು ಸೇರುತ್ತದೆ. ನನ್ನ ಮನೆಯವಳು ತವರಿಗೆ ಹೊರಟಿದ್ದಳು. ದಾರಿಯೂ ನದಿಯ ತವರಿನ ಕಡೆಗೇ ಹೊರಟಿದ್ದಿತು. ಈ ಮಾತನ್ನು ಹೇಳಿಯೇ ನಾನು ಕರಾರನ್ನು ಮುರಿದದ್ದು.

ಪಟಗುಪ್ಪದ ಸೇತುವೆಯ ಮೇಲೆ ಮಗಳು ಕಾರಿನ ವೇಗವನ್ನು ತಗ್ಗಿಸಿದಳು. ಎರಡು ಕಡೆಯೂ ನೀರು. ಮಳೆಗಾಲ ಮುಗಿದು ಆಕಾಶ ತೊಳೆದಿಟ್ಟಂತಿದ್ದಿತು. ನೀರಿನಲ್ಲಿ ಗುಡ್ಡಗಳು ತಲೆಕೆಳಗಾಗಿ ನಿಂತಿದ್ದವು. ನೋಡುವುದಕ್ಕೆ ಸೊಗಸು, ಸಂದೇಹವಿಲ್ಲ. ಆದರೆ ನಮ್ಮ ಸೀಮೆಯವರು ಈ ಸೊಗಸನ್ನು ಬಾಯಿತುಂಬ ಹೊಗಳಲಾರರು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ನೀರು ನಿಂತಾಗ ಗದ್ದೆ, ತೋಟ, ದೇವಸ್ಥಾನ, ಮನೆಗಳೊಡನೆ ಊರೂರುಗಳೇ ಇದರ ಅಡಿಗೆ ಹೋದವು. ನಾನು ಹುಟ್ಟುವ ಹೊತ್ತಿಗೆ ಅದೆಲ್ಲ ಆಗಿಹೋಗಿದ್ದಿತು. ಆದರೂ ಬಾಲ್ಯದಲ್ಲಿ ಮನೆಗೆ ಬಂದ ನೆಂಟರು, “ನಮ್ಮ ಮನೆ ಆ ಗುಡ್ಡದಿಂದ ಈಚೆಗೆ” ಎಂದು ನೀರಿನ ಕಡೆಗೆ ಬೆರಳು ತೋರುತ್ತಿದ್ದುದು ನೆನಪಿದೆ.

ಹೊಸನಗರದಲ್ಲಿ ಕಾಫಿ ಕುಡಿದೆವು. ಹಿಂದೆ ಕಲ್ಲೂರಕಟ್ಟೆ ಎಂದಿದ್ದ ಊರು ಇದು. ತಾಲ್ಲೂಕಿನ ಕಚೇರಿಗಳು ನಗರದಿಂದ ಇಲ್ಲಿಗೆ ಬಂದ ಮೇಲೆ ಹೊಸನಗರವಾಯಿತು. ಹಳೆಯ ನಗರ ಅದಕ್ಕಿಂತ ಮುಂದೆ, ಬೆಟ್ಟಗಳ ಮಡಿಲಿನಲ್ಲಿ, ಈಗ ಒಂದು ಸಣ್ಣ ಪೇಟೆ. ಇದೇ ಬಿದನೂರು, ಸಂಸ್ಕೃತ ಕವಿಗಳ ವೇಣುಪುರ. ಕೆಳದಿಯಿಂದ ಇಕ್ಕೇರಿಗೆ, ಇಕ್ಕೇರಿಯಿಂದ ಇಲ್ಲಿಗೆ ನಾಯಕರ ರಾಜಧಾನಿ ಸರಿದು ಬಂದಿತು. 1763ರಲ್ಲಿ ಹೈದರನು ಇದನ್ನು ಹಿಡಿದು ಹೈದರನಗರವೆಂದು ಕರೆದನು. ಕೋಟೆಯ ಗೋಡೆ ರಸ್ತೆಗೆ ಹತ್ತಿರದಲ್ಲೇ ನಿಂತಿದೆ. ಮಗಳು ಕೆಳಗಿಳಿದು ಚಿತ್ರ ತೆಗೆದಳು. ನಾನು ಚೆನ್ನಮ್ಮಾಜಿಯ ವಿಷಯವನ್ನು ಎತ್ತಿಕೊಂಡೆನು. 1671ರ ಸುಮಾರಿಗೆ ಗಂಡನಾದ ಸೋಮಶೇಖರನಾಯಕನನ್ನು ಕಳೆದುಕೊಂಡವಳು, ಇಪ್ಪತ್ತೈದು ವರ್ಷಗಳ ಕಾಲ ಈ ಬೆಟ್ಟನಾಡನ್ನು ಆಳಿದಳು. 1689ರಲ್ಲಿ ಶಿವಾಜಿಯ ಮಗ ರಾಜಾರಾಮನು ಮೊಗಲರಿಂದ ತಪ್ಪಿಸಿಕೊಂಡು ಬಂದಾಗ ಆಶ್ರಯ ಕೊಟ್ಟು, ಔರಂಗಜೇಬನ ಸೈನ್ಯವನ್ನು ಎದುರಿಸಿದಳು. ಈ ಪಾಠವನ್ನು ನಾನು ಎಷ್ಟು ವರ್ಷ ಮಕ್ಕಳಿಗೆ ಹೇಳಿರುವೆನೋ ಲೆಕ್ಕವಿಲ್ಲ. ಮಗಳೂ ನನ್ನ ತರಗತಿಯಲ್ಲೇ ಕುಳಿತು ಕೇಳಿದವಳು. “ಗೊತ್ತು, ಅಪ್ಪಯ್ಯ” ಎಂದು ಕಾರನ್ನು ಹೊರಡಿಸಿದಳು.

ನಗರ ದಾಟಿದ ಮೇಲೆ ರಸ್ತೆ ತಿರುವಿನ ಮೇಲೆ ತಿರುವಾಗಿ ಏರುತ್ತ ಇಳಿಯುತ್ತ ಹೋಗುತ್ತದೆ. ಒಂದು ಮಗ್ಗುಲಲ್ಲಿ ಕೆಂಪು ಧರೆ; ಇನ್ನೊಂದು ಮಗ್ಗುಲಲ್ಲಿ ಕಣಿವೆ. ಕಣಿವೆಯ ತಳದಲ್ಲಿ ಅಡಿಕೆಯ ತೋಟ, ಅದರ ಅಂಚಿಗೆ ಹಣ್ಣಾಗುತ್ತಿರುವ ಬತ್ತದ ಗದ್ದೆ, ಗದ್ದೆಯ ತಲೆಯಲ್ಲಿ ಒಂದೇ ಒಂದು ಮನೆ, ಅದರಿಂದ ಏಳುವ ಬಚ್ಚಲೊಲೆಯ ಹೊಗೆ. ಮಲೆನಾಡಿನವನಿಗೆ ಇದರಲ್ಲಿ ಹೊಸತೇನೂ ಇಲ್ಲ. ಆದರೂ ಕಣ್ಣು ತೆಗೆಯಲಾಗದು. ಹಿಂದಿನ ಆಸನದಲ್ಲಿ ನನಗೇ ಮಾತು ನಿಂತುಹೋಗಿದ್ದಿತು. ಅಷ್ಟರಲ್ಲಿ ಒಂದು ಇಕ್ಕಟ್ಟಾದ ತಿರುವಿನಲ್ಲಿ ಮರದ ದಿಮ್ಮಿ ತುಂಬಿದ ಲಾರಿಯೊಂದು ಅಡ್ಡಲಾಗಿ ನಿಂತಿರುವುದು ಕಾಣಿಸಿತು. ಅಚ್ಚು ಮುರಿದಿದೆ, ತೀರ್ಥಹಳ್ಳಿಯಿಂದ ಆಳು ಬರಬೇಕು, ಒಂದು ಗಂಟೆಯಾದರೂ ಬೇಕು ಎಂದು ಚಾಲಕನಾದ ಹುಡುಗನು ಹೇಳಿದನು. ಕಾರನ್ನು ಬದಿಗೆ ನಿಲ್ಲಿಸಿ ಇಳಿದೆವು.

ಮೊದಲು ಕಂಡವಳು ಮಗಳು. “ಅಪ್ಪಯ್ಯ, ಅಲ್ಲಿ ನೋಡು, ಒಂದು ಕೈ!” ಎಂದಳು.

ಧರೆಯ ಮೇಲೆ, ಆಳೆತ್ತರಕ್ಕಿಂತ ಸ್ವಲ್ಪ ಎತ್ತರದಲ್ಲಿ, ಒಂದು ಹಲಸಿನ ಮರದ ಬುಡದಲ್ಲಿ ಜರೀಗಿಡಗಳ ನಡುವಿನಿಂದ ನಿಜವಾಗಿ ಒಂದು ತೋಳು ಮೇಲಕ್ಕೆದ್ದಿದ್ದಿತು. ಮಣ್ಣಿನಲ್ಲಿ ಕಡಿದ ಮೆಟ್ಟಿಲುಗಳನ್ನು ಹತ್ತಿ ಹೋದೆವು. ಹಾವಸೆ ಕಟ್ಟಿದ ಮೊಣಕಾಲೆತ್ತರದ ಕಲ್ಲು. ಅದರಲ್ಲಿ ಒಂದು ಕಂಬ. ಕಂಬದ ಮಗ್ಗುಲಿನಿಂದ ಹೊರಟು, ಮೊಣಕೈಯಲ್ಲಿ ಮಡಿಸಿ, ಮೇಲಕ್ಕೆತ್ತಿದ ಹೆಣ್ಣಿನ ಬಲಗೈ. ಮಣಿಕಟ್ಟಿನ ತುಂಬ ಬಳೆ. ಬಿಚ್ಚಿದ ಅಂಗೈ, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒಂದು ನಿಂಬೆಯ ಹಣ್ಣು. ಮೇಲೆ ಸೂರ್ಯ, ಚಂದ್ರ. ಕೆಳಗೆ ಕೈಮುಗಿದು ನಿಂತ ಗಂಡಹೆಂಡಿರ ಸಣ್ಣ ಬೊಂಬೆಗಳು. ಅವುಗಳ ಮುಖವನ್ನು ಮಳೆ ತಿಂದುಹಾಕಿದ್ದಿತು. ಬಳೆಗಳು ಮಾತ್ರ ಒಂದೊಂದಾಗಿ ಎಣಿಸುವಂತಿದ್ದವು.

ಇದು ಮಾಸ್ತಿಕಲ್ಲು. ಮಹಾಸತಿ ಎಂಬ ಶಬ್ದ ನಮ್ಮ ಜನರ ಬಾಯಲ್ಲಿ ಸವೆದು ಮಾಸ್ತಿಯಾಗಿದೆ. ಇದೇ ಹೊಸನಗರ ತಾಲ್ಲೂಕಿನಲ್ಲಿ ಮಾಸ್ತಿಕಟ್ಟೆಯೆಂಬ ಊರೂ ಉಂಟು. ಯುದ್ಧದಲ್ಲಿ ಸತ್ತವನಿಗೆ ವೀರಗಲ್ಲು. ಗಂಡನ ಚಿತೆಯನ್ನು ಹೊಕ್ಕವಳಿಗೆ ಮಾಸ್ತಿಕಲ್ಲು. ತೋಳಿನ ಬಳೆ ಒಡೆದಿಲ್ಲ, ಅಂದರೆ ಅವಳು ವಿಧವೆಯಾಗಲಿಲ್ಲ, ಮುತ್ತೈದೆಯಾಗಿಯೇ ಹೋದಳು ಎಂದು ಅರ್ಥ. ಸೂರ್ಯಚಂದ್ರರಿರುವವರೆಗೆ ಅವಳ ಕೀರ್ತಿ ಇರಲಿ ಎಂಬುದಕ್ಕೆ ಮೇಲಿನ ಆ ಎರಡು ಗುರುತುಗಳು.

ನನಗೆ ಅಕ್ಷರದ ಹುಚ್ಚು. ಸೊಪ್ಪಿನಿಂದ ಹಾವಸೆಯನ್ನು ಮೆಲ್ಲನೆ ಉಜ್ಜಿ, ನೀರು ಹೊಯ್ದು, ಓರೆಯಾಗಿ ನಿಂತು, ಕುಳಿತು, ಎಲ್ಲ ಬಗೆಯಲ್ಲೂ ನೋಡಿದೆನು. ಒಂದಕ್ಷರವೂ ಇಲ್ಲ. ಅಳಿಸಿಹೋದದ್ದಲ್ಲ, ಕೊರೆದೇ ಇರಲಿಲ್ಲ. ಊರಿಗೆ ಮರಳಿದ ಮೇಲೆ ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಎಂಟನೆಯ ಸಂಪುಟವನ್ನು ತೆಗೆದು ಹಾಳೆ ತಿರುವಿದೆನು, 1904ರಲ್ಲಿ ಅಚ್ಚಾದ ಆ ಸಂಪುಟದಲ್ಲಿ ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳೆಲ್ಲ ಇವೆ. ಆದರೆ ಶಾಸನಗಳ ಪುಸ್ತಕದಲ್ಲಿ ಅಕ್ಷರವಿಲ್ಲದ ಕಲ್ಲಿಗೆ ಸ್ಥಾನವೆಲ್ಲಿಯದು?

ನಾವು ಹೀಗೆ ಕಲ್ಲಿನ ಸುತ್ತ ಇರುವಾಗ ಮೇಲಿನ ಕಾಲುದಾರಿಯಿಂದ ಒಬ್ಬ ಮುದುಕಿ ಇಳಿದು ಬಂದಳು. ಕೈಯಲ್ಲಿ ಕತ್ತಿ, ಕಂಕುಳಲ್ಲಿ ಒಂದು ಹೊರೆ ಸೊಪ್ಪು. “ಯಾವೂರಾತ್ರೀ ಅಯ್ಯಾ?” ಎಂದು ವಿಚಾರಿಸಿದಳು. ಹೇಳಿದೆವು. “ಇದು ಮಾಸ್ತಮ್ಮ ಅಲ್ದಾ? ಮದುವೆ ಆದೋರು ಬಂದು ಬಳೆ ಕೊಡ್ತಾರೆ” ಎಂದಳು. ಕಲ್ಲಿನ ಹಿಂದುಗಡೆ ಹಸುರು ಗಾಜಿನ ಬಳೆಯ ಚೂರುಗಳು ಬಿದ್ದಿರುವುದನ್ನು ಆಗ ಕಂಡೆವು. “ನೀವೂ ಕೊಡುವುದುಂಟೇ, ಅಜ್ಜಿ?” ಎಂದು ಮಗಳು ಕೇಳಿದಳು. ಮುದುಕಿ ತನ್ನ ಬರಿಗೈಯನ್ನು ನೋಡಿಕೊಂಡು, “ನಾ ಕೊಡೂ ಹಂಗಿಲ್ಲ, ತಂಗೀ. ಹೂವ ಇಡ್ತೀನಿ, ಯಾರೂ ಇಲ್ದಾಗ” ಎಂದಳು. ನನ್ನ ಮನೆಯವಳು ಏನೂ ಮಾತನಾಡದೆ ಕಾರಿಗೆ ಇಳಿದುಹೋಗಿ, ತವರಿಗೆಂದು ತಂದಿದ್ದ ಸೇವಂತಿಗೆಯ ಮಾಲೆಯಲ್ಲಿ ಅರ್ಧವನ್ನು ಹರಿದು ತಂದು ಅವಳ ಕೈಯಲ್ಲಿಟ್ಟಳು. ನಾವು ಮೂವರೂ ನಿಂತಿರುವಂತೆಯೇ ಆ ಮುದುಕಿ ಹೂವನ್ನು ಕಲ್ಲಿನ ತೋಳಿಗೆ ಸುತ್ತಿ, ಹೊರೆಯನ್ನೆತ್ತಿಕೊಂಡು ತನ್ನ ದಾರಿ ಹಿಡಿದಳು.

ಆಗ ಮಗಳು ಕೇಳಿದ ಪ್ರಶ್ನೆ ಇದು: “ಅಪ್ಪಯ್ಯ, ಇವಳು ಒಪ್ಪಿ ಹೋದಳೇ?”

ನನ್ನಲ್ಲಿ ಉತ್ತರವಿರಲಿಲ್ಲ; ಆದರೆ ಮೇಷ್ಟರಿಗೆ ಉತ್ತರ ಇಲ್ಲದಿದ್ದರೆ ಉದಾಹರಣೆ ಇರುತ್ತದೆ. ಹೆಗ್ಗಡದೇವನಕೋಟೆಯ ಕಡೆಯ ಬೆಳತೂರಿನ ಶಾಸನವನ್ನು ಹೇಳಿದೆನು. 1057ನೆಯ ಇಸವಿಯದು ಅದು. ದೇಕಬ್ಬೆಯೆಂಬ ತರುಣಿಯ ಗಂಡನನ್ನು ಅರಸನು ತಲಕಾಡಿನಲ್ಲಿ ಕೊಲ್ಲಿಸಿದನು, ಸುದ್ದಿ ಕೇಳಿ ಬೆಂಕಿಗೆ ನಡೆದವಳನ್ನು ಹೆತ್ತವರೇ ಬೇಡವೆಂದು ತಡೆದರು, ಅವಳು ಕೇಳಲಿಲ್ಲ. ಒಪ್ಪಿಯೇ ಹೋದಳೆನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಮಗಳು, “ಶಾಸನ ಬರೆದವರು ಯಾರು?” ಎಂದಳು. ಕವಿ, ಎಂದೆನು. “ಗಂಡಸಲ್ಲವೆ?” ಎಂದಳು. ಹೌದು, ಎಂದೆನು. ಬಾಣಭಟ್ಟನೂ ಗಂಡಸೇ, ಆದರೆ ಏಳನೆಯ ಶತಮಾನದಷ್ಟು ಹಿಂದೆಯೇ ‘ಕಾದಂಬರಿ’ಯಲ್ಲಿ ಚಂದ್ರಾಪೀಡನ ಬಾಯಿಂದ, ಸತ್ತವರ ಹಿಂದೆ ಸಾಯುವುದು ಏನೇನೂ ಪ್ರಯೋಜನವಿಲ್ಲದ ಅವಿವೇಕವೆಂದು ಮಹಾಶ್ವೇತೆಗೆ ಹೇಳಿಸಿದ್ದಾನೆ. ಅದನ್ನೂ ಹೇಳಿದೆನು.

“ಹಾಗಾದರೆ ಚೆನ್ನಮ್ಮ ಬದುಕಿದ್ದು ಸರಿಯಾಯಿತು” ಎಂದಳು ಮಗಳು.

ಎಷ್ಟೋ ಸಲ ಹೇಳಿದ ಆ ಪಾಠದಲ್ಲಿ ಈ ಮಾತು ನನಗೆ ಹೊಳೆದಿರಲಿಲ್ಲ. ಚೆನ್ನಮ್ಮಾಜಿ ಗಂಡನ ಹಿಂದೆ ಹೋಗಿದ್ದರೆ ಅವಳಿಗೂ ಒಂದು ಕಲ್ಲು ನೆಡುತ್ತಿದ್ದರು, ಇದಕ್ಕಿಂತ ಎತ್ತರದ್ದು. ಅವಳು ಉಳಿದದ್ದರಿಂದ ರಾಜ್ಯ ಉಳಿಯಿತು, ರಾಜಾರಾಮನು ಉಳಿದನು. ಅಷ್ಟೇ ಅಲ್ಲ, ಅವಳು ದತ್ತು ತೆಗೆದುಕೊಂಡ ಬಸವಪ್ಪನಾಯಕನೇ ಮುಂದೆ 1709ರಲ್ಲಿ ‘ಶಿವತತ್ತ್ವರತ್ನಾಕರ’ವೆಂಬ ಮಹಾಗ್ರಂಥವನ್ನು ಸಂಸ್ಕೃತದಲ್ಲಿ ರಚಿಸಿದನು. ಹೆಸರೇ ಸಮುದ್ರ; ಆದ್ದರಿಂದ ಅದರ ವಿಭಾಗಗಳೂ ಕಲ್ಲೋಲ, ತರಂಗಗಳೇ. ಒಂಬತ್ತು ಕಲ್ಲೋಲ, 108 ತರಂಗ. ರಾಜನೀತಿ, ಸಂಗೀತ, ವೈದ್ಯ, ಅಡುಗೆ, ಇಲ್ಲದ ವಿಷಯವಿಲ್ಲ. ಆ ಪುಸ್ತಕವನ್ನು ನಾನು ಮೇಜಿನ ಮೇಲಿಟ್ಟುಕೊಂಡು ಹೆಮ್ಮೆಪಟ್ಟವನು. ಒಬ್ಬ ವಿಧವೆ ಬದುಕಿ ಉಳಿದದ್ದರಿಂದ ಅದು ನನ್ನ ಮೇಜಿಗೆ ಬಂದಿತೆಂಬುದನ್ನು ಮಾತ್ರ ಎಣಿಸಿರಲಿಲ್ಲ.

ಅರಸಿಯರ ಮಾತು ಇರಲಿ. ಧರೆಯ ಮೇಲೆ ನಿಂತಿರುವಾಗ ನನ್ನ ಮನಸ್ಸಿನಲ್ಲಿದ್ದವಳು ಬೇರೆ. ನನ್ನ ಮನೆಯವಳೇ ಮಾತೆತ್ತಿದಳು: “ನಿಮ್ಮ ಅತ್ತೆಯ ವಿಷಯ ಇವಳಿಗೆ ಹೇಳಿದ್ದೀರಾ?” ಹೇಳಿರಲಿಲ್ಲ.

ಅವಳು ನನ್ನ ತಂದೆಯ ಅಕ್ಕ, 1912ರಲ್ಲಿ ಹುಟ್ಟಿದವಳು. ಎಂಟು ವರ್ಷ ತುಂಬದ ಹುಡುಗಿಯ ಮದುವೆ ಕೂಡದೆಂದು ಮೈಸೂರು ಸಂಸ್ಥಾನದಲ್ಲಿ 1894ರಲ್ಲೇ ಕಾಯಿದೆಯಾಗಿದ್ದಿತು. ಅತ್ತೆಗೆ ಮದುವೆಯಾದದ್ದು ಒಂಬತ್ತಕ್ಕೆ, ಕಾಯಿದೆಗೆ ತೃಪ್ತಿಯಾಯಿತು. ಹನ್ನೆರಡಕ್ಕೆ ಗಂಡ ತೀರಿಕೊಂಡನು. ಅವಳು ಅವನೊಡನೆ ಒಂದು ದಿನವೂ ಸಂಸಾರ ಮಾಡಿದವಳಲ್ಲ. ತವರಿಗೆ ಕರೆತಂದರು, ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದರು. ನಾನು ಕಂಡಾಗ ಅವಳಿಗೆ ವಯಸ್ಸಾಗಿದ್ದಿತು. ಆಗಲೂ ತಿಂಗಳಿಗೊಮ್ಮೆ ಕ್ಷೌರಿಕನು ಹಿತ್ತಿಲ ಬಾಗಿಲಿಗೆ ಬರುತ್ತಿದ್ದನು, ಮಕ್ಕಳಾದ ನಮ್ಮನ್ನು ಆ ಹೊತ್ತಿನಲ್ಲಿ ಜಗಲಿಗೆ ಅಟ್ಟುತ್ತಿದ್ದರು. ತೀರ್ಥಹಳ್ಳಿಯಲ್ಲಿ ಹುಟ್ಟಿದ ಎಂ. ಕೆ. ಇಂದಿರಾ ಅವರು 1976ರಲ್ಲಿ ‘ಫಣಿಯಮ್ಮ’ನನ್ನು ಬರೆದಾಗ ನನ್ನ ತಾಯಿ ಅದನ್ನು ಅಡಿಗೆಮನೆಯಲ್ಲಿ ಗಟ್ಟಿಯಾಗಿ ಓದುತ್ತಿದ್ದಳು, ಅತ್ತೆ ಅಕ್ಕಿ ಆರಿಸುತ್ತ ಕೇಳುತ್ತಿದ್ದಳು. ಕಥೆ ಹೇಗಿದೆಯೆಂದು ನಾವು ಯಾರೂ ಅವಳನ್ನು ಕೇಳಲಿಲ್ಲ.

ಅವಳಿಗೆ ಅಕ್ಷರ ಬಾರದು. ತಮ್ಮಂದಿರು ಜಗಲಿಯಲ್ಲಿ ಕುಳಿತು ಪಾಠ ಒಪ್ಪಿಸುವಾಗ ಬಾಗಿಲ ಹಿಂದೆ ನಿಂತು ಕೇಳಿ ಅಮರಕೋಶವನ್ನು ಕಂಠಪಾಠ ಮಾಡಿದ್ದಳು. ಐದು ವರ್ಷದ ನನಗೆ ಸಂಜೆಯ ದೀಪದ ಮುಂದೆ ಅದನ್ನು ಬಾಯಿಗೆ ಬರಿಸಿದವಳು ಅವಳೇ. ನನ್ನ ಹೊಟ್ಟೆ ಹೊರೆದ ವಿದ್ಯೆಯ ಮೊದಲ ತುತ್ತು ಅವಳ ಕೈಯದು. ನಿವೃತ್ತಿಯ ದಿನ ಶಾಲೆಯಲ್ಲಿ ಸಭೆ ಮಾಡಿದಾಗ ನಾನು ನನ್ನ ಗುರುಗಳನ್ನೆಲ್ಲ ಒಬ್ಬೊಬ್ಬರನ್ನಾಗಿ ಹೆಸರಿಸಿ ನಮಸ್ಕರಿಸಿದೆನು. ಅವಳನ್ನು ಹೆಸರಿಸಲಿಲ್ಲ. ಮರೆತೆನೆಂದು ಹೇಳಿಕೊಳ್ಳಬಹುದು, ನೆನಪೇ ಆಗಲಿಲ್ಲವೆಂಬುದು ನಿಜ. ಮಗಳು ಆ ಸಭೆಯಲ್ಲಿದ್ದಳು. ಈಗ ಇದನ್ನು ಕೇಳಿ ನನ್ನ ಮುಖವನ್ನೇ ನೋಡಿದಳು.

ಇನ್ನೊಂದು ಸಂಗತಿ. ನಮ್ಮೂರಿನ ಕೆರೆಯ ಏರಿಯ ಮೇಲೂ ಒಂದು ಮಾಸ್ತಿಕಲ್ಲು ಇದ್ದಿತು. ಮುತ್ತೈದೆಯರು ಅರಿಸಿನ ಕುಂಕುಮ ಹಿಡಿದು ಹೋಗುತ್ತಿದ್ದರು. ಅತ್ತೆ ಆ ಕಡೆ ಸುಳಿಯುತ್ತಿರಲಿಲ್ಲ. ನಾನು ಕಾಲೇಜಿಗೆ ಸೇರಿದ ಹೊಸತು. ಪಾಂಡಿತ್ಯ ನೆತ್ತಿಗೇರಿದ್ದ ಕಾಲ. ಒಂದು ರಾತ್ರಿ ಅಡಿಕೆ ಸುಲಿಯುವಾಗ ಆ ಕಲ್ಲಿನ ಮಹಿಮೆಯನ್ನು ಎಲ್ಲರೆದುರು ವರ್ಣಿಸತೊಡಗಿದೆನು. ಮೆಟ್ಟುಗತ್ತಿಯ ಮುಂದೆ ಕುಳಿತಿದ್ದ ಅತ್ತೆ ತಲೆಯೆತ್ತದೆ, “ಅವಳದು ಒಂದು ಗಳಿಗೆಗೆ ಮುಗಿಯಿತು, ಮಾಣಿ. ನನ್ನದು ಅರವತ್ತು ವರ್ಷ” ಎಂದು ಇನ್ನೊಂದು ಅಡಿಕೆಯನ್ನು ತೆಗೆದುಕೊಂಡಳು. ಯಾರೂ ಮಾತನಾಡಲಿಲ್ಲ. ಬೇರೊಬ್ಬರು ಆ ವರ್ಷದ ಧಾರಣೆಯ ವಿಷಯ ಎತ್ತಿದ ಮೇಲೆ ಎಲ್ಲರಿಗೂ ಹಗುರವಾಯಿತು.

ಧರೆಯ ಮೇಲೆ ಇದನ್ನು ಹೇಳುತ್ತಿರುವಾಗ, ವಾಚಕರು ಕ್ಷಮಿಸಬೇಕು, ನನ್ನ ತಲೆಯಲ್ಲಿ ವ್ಯಾಕರಣವೇ ಓಡುತ್ತಿದ್ದಿತು. ಸತೀ ಎಂಬ ಶಬ್ದ ಎಲ್ಲಿಯದು? ‘ಅಸ್’ ಧಾತು, ಇರುವುದೆಂದು ಅದರ ಅರ್ಥ. ಅದಕ್ಕೆ ಶತೃ ಪ್ರತ್ಯಯ ಹತ್ತಿದರೆ ಸತ್. ಸ್ತ್ರೀಲಿಂಗದಲ್ಲಿ ಙೀಪ್ ಬಂದರೆ ಸತೀ. ಇರುವವಳು. ಒಳ್ಳೆಯವಳು, ಪತಿವ್ರತೆ ಎಂಬ ಅರ್ಥಗಳೆಲ್ಲ ಆಮೇಲೆ ಬೆಳೆದವು. ಈ ರೂಪಸಿದ್ಧಿಯನ್ನು ಕರಿಹಲಗೆಯ ಮೇಲೆ ನಾನೇ ನೂರು ಸಲ ಬರೆದಿದ್ದೇನೆ. ಇರುವವಳು ಎಂಬುದನ್ನು ಬರೆದು ಅಳಿಸಿದ್ದೇನೆ. ಇಲ್ಲವಾದವಳಿಗೆ ಆ ಹೆಸರನ್ನೂ ಕಲ್ಲನ್ನೂ ಕೊಟ್ಟೆವು; 1924ರಿಂದ 1986ರವರೆಗೆ ಅರವತ್ತೆರಡು ವರ್ಷ ನಮ್ಮ ಮನೆಯಲ್ಲೇ ಇದ್ದವಳನ್ನು ಮಡಿ ಅತ್ತೆ ಎಂದು ಕರೆದೆವು.

“ಅವರ ಹೆಸರೇನು, ಅಪ್ಪಯ್ಯ?” ಎಂದು ಮಗಳು ಕೇಳಿದಳು.

ಹೆಸರು ನನಗೆ ತಡವಿಲ್ಲದೆ ಬಂದಿತು. ಪ್ರತಿ ವರ್ಷ ಮಹಾಲಯದ ತರ್ಪಣದಲ್ಲಿ ಗಂಡನ ಗೋತ್ರವನ್ನು ಸೇರಿಸಿ ಅವಳ ಹೆಸರನ್ನು ಹೇಳಿ ಎಳ್ಳುನೀರು ಬಿಡುತ್ತೇನೆ. ಆದರೆ ದರ್ಭೆ ಕೈಯಲ್ಲಿಲ್ಲದೆ, ಮಂತ್ರದ ನಡುವೆಯಲ್ಲದೆ, ಬರಿಯ ಹೆಸರನ್ನು ಬಾಯಲ್ಲಿ ಆಡಿದ್ದು ಅದೇ ಮೊದಲು. ಮಗಳು ಅದನ್ನು ಒಮ್ಮೆ ತಾನೂ ಹೇಳಿ ನೋಡಿದಳು. “ಚೆನ್ನಾಗಿದೆ” ಎಂದಳು. ನಿಜವಾಗಿಯೂ ಚೆಲುವಾದ ಹೆಸರು, ಒಂದು ನದಿಯದು.

ಕೆಳಗೆ ಕೂಗು ಕೇಳಿಸಿತು. ಲಾರಿಯನ್ನು ಹೇಗೋ ಬದಿಗೆ ಸರಿಸಿದ್ದರು. ಒಂದು ಕಾರು ನುಸುಳುವಷ್ಟು ಸಂದಿ ಆಗಿದ್ದಿತು. ಚಾಲಕನಾದ ಹುಡುಗನು ಕಣಿವೆಯ ಅಂಚಿನಲ್ಲಿ ನಿಂತು ಕೈ ಮಾಡುತ್ತ ದಾರಿ ತೋರಿಸಿದನು. ಮಗಳು ಅಂಗುಲ ಅಂಗುಲವಾಗಿ ಕಾರನ್ನು ದಾಟಿಸಿದಳು. ಕವಲೇದುರ್ಗಕ್ಕೆ ಹತ್ತುವುದೆಂದು ಬೆಳಿಗ್ಗೆ ಹಾಕಿಕೊಂಡಿದ್ದ ಏರ್ಪಾಡನ್ನು ಬಿಟ್ಟೆವು. ಹೊತ್ತಾಗಿದ್ದಿತು, ನನಗೆ ಕೋಟೆ ನೋಡುವ ಮನಸ್ಸೂ ಇರಲಿಲ್ಲ. ಇಳಿಜಾರು ಮುಗಿದು ತುಂಗೆಯ ಕಡೆಯ ಬಯಲು ಕಾಣಿಸುವವರೆಗೆ ಯಾರೂ ಹೆಚ್ಚು ಮಾತನಾಡಲಿಲ್ಲ. ತೀರ್ಥಹಳ್ಳಿಯ ಮನೆಯಲ್ಲಿ ಅರ್ಧ ಮಾಲೆಯನ್ನು ಕಂಡು ನನ್ನ ಅತ್ತಿಗೆಯವರು ನಕ್ಕರು. ದಾರಿಯಲ್ಲಿ ಒಬ್ಬಳಿಗೆ ಕೊಟ್ಟೆನೆಂದು ನನ್ನ ಮನೆಯವಳು ಹೇಳಿದಳು.

ಈ ಲೇಖನವನ್ನು ಬರೆಯಲು ಕುಳಿತಾಗ ಅತ್ತೆಯ ಹೆಸರನ್ನು ಇದರಲ್ಲಿ ಹಾಕಬೇಕೆಂದೇ ಇದ್ದೆನು. ಹಿರಿಯನಾದ ಅಣ್ಣನನ್ನು ಕೇಳದೆ ಹಾಕಬಾರದೆಂದು ದೂರವಾಣಿಯಲ್ಲಿ ಕೇಳಿದೆನು. “ಮನೆಯ ಹೆಂಗಸಿನ ಹೆಸರು ಪತ್ರಿಕೆಯಲ್ಲಿ ಏತಕ್ಕೆ? ಅವಳಿದ್ದಿದ್ದರೆ ಒಪ್ಪುತ್ತಿರಲಿಲ್ಲ” ಎಂದನು. ಅವಳು ಒಪ್ಪುತ್ತಿದ್ದಳೋ ಇಲ್ಲವೋ, ಅವಳನ್ನು ಕೇಳಿದವರು ಯಾರು? ಆದರೂ ಅಣ್ಣನ ಮಾತನ್ನು ಮೀರಲಿಲ್ಲ. ಮುಂದಿನ ಮಹಾಲಯಕ್ಕೆ ಅವನು ನಮ್ಮ ಮನೆಗೆ ಬರುತ್ತಾನೆ. ಆಗ ಇನ್ನೊಮ್ಮೆ ಕೇಳಬೇಕೆಂದಿದ್ದೇನೆ.